ಆಟದ ಪೆಟ್ಟಿಗೆಗೆ ಮೂರು ಕೊಟೇಶನ್

ಪ್ರಪಂಚದಲ್ಲಿ ಬೆಲೆ ಕೇಳಿ ವಸ್ತು ಕೊಳ್ಳುವವರಿದ್ದಾರೆ, ಬೆಲೆಯನ್ನೇ ಕೇಳದೆ ಕೊಳ್ಳುವ ಪುಣ್ಯವಂತರೂ ಇದ್ದಾರೆ. ನಾನು ಈ ಎರಡು ಪಂಗಡಕ್ಕೂ ಸೇರಿದವನಲ್ಲ. ಬೆಲೆ ಕೇಳಿ, ಇನ್ನೆರಡು ಕಡೆ ಅದನ್ನೇ ಕೇಳಿ, ಮೂರನ್ನೂ ಅಕ್ಕಪಕ್ಕ ಇಟ್ಟು ನೋಡಿ, ಆಮೇಲೆ ಮನೆಗೆ ಬಂದು ಮಲಗುವವನು. ಇದು ಹುಟ್ಟುಗುಣವಲ್ಲ, ಹೊಟ್ಟೆಪಾಡಿನ ಗುಣ. ಬದನಗುಪ್ಪೆಯ ಒಂದು ಕಾರ್ಖಾನೆಯ ಖರೀದಿ ವಿಭಾಗದಲ್ಲಿ ನನಗೆ ಕೆಲಸ. ಅಲ್ಲಿ ಒಂದು ಪೊರಕೆ ಬೇಕೆಂದರೂ ಮೂರು ಕೊಟೇಶನ್ ತರಿಸಬೇಕು. ಅಲ್ಲಿಯತನಕ ಕಸ ಕಾಯುತ್ತಿರುತ್ತದೆ. ನನ್ನ ಜೀವನದಲ್ಲಿ ಕೊಟೇಶನ್ ಇಲ್ಲದೆ ಆದದ್ದು ಮದುವೆಯೊಂದೇ. ಮೊದಲು ನೋಡಿದ ಹುಡುಗಿಯನ್ನೇ ಒಪ್ಪಿಬಿಟ್ಟೆ. ಅದರ ಆಡಿಟ್ ಇವತ್ತಿಗೂ ನಡೆಯುತ್ತಿದೆ, ನಡೆಸುತ್ತಿರುವವಳು ಮಂಗಳಾನೇ.

ಈ ಸಲದ ತಲೆನೋವು ಶುರುವಾದದ್ದು ಮಗಳು ಸಿಂಚನಾಳಿಂದ. ಎಂಟನೇ ಕ್ಲಾಸಿನ ಪರೀಕ್ಷೆ ಮುಗಿಸಿ ಬಂದವಳೇ ಚೀಲ ಸೋಫಾದ ಮೇಲೆ ಎಸೆದು, "ಅಪ್ಪಾ, ಟಿವಿಗೆ ಹಾಕ್ಕೊಂಡು ಆಡೋ ಕಾರ್ ರೇಸ್ ಬೇಕು. ನಾನು ನೀನು, ಇಬ್ರೇ ಆಡೋದು" ಎಂದಳು. ಆ 'ಇಬ್ರೇ' ಎಂಬ ಮಾತಿಗೆ ನಾನು ಕರಗಿ ನೀರಾಗಿಹೋದೆ. ಈ ವಯಸ್ಸಿನ ಹುಡುಗಿಗೆ ಅಪ್ಪನ ಜೊತೆ ಆಡಬೇಕೆನ್ನಿಸುವುದು ಇನ್ನೆಷ್ಟು ದಿನ? ಬರುವ ವರ್ಷ ಹತ್ತಿರ ಹೋಗಿ ಕೂತರೆ "ಹೋಗಪ್ಪಾ ಆ ಕಡೆ" ಎಂದಾಳು. ಈ ಬೇಸಿಗೆ ರಜೆಯಲ್ಲೇ ಆಡಿಬಿಡೋಣ ಎಂದು ಮಾತು ಕೊಟ್ಟೆ. ಮಾತು ಕೊಟ್ಟ ಮನುಷ್ಯ ಮಾರನೆಯ ದಿನ ಮೈಸೂರಿಗೆ ಹೋಗಿ ಪೆಟ್ಟಿಗೆ ತಂದುಬಿಡಬೇಕಿತ್ತು. ನಾನು ಮೂರು ಅಂಗಡಿಗೆ ಫೋನು ಮಾಡಿದೆ.

ಕನ್ಸೋಲ್ ಅಂತ ಒಂದಿದೆ. ಆಟಕ್ಕೆಂದೇ ಮಾಡಿದ ಪೆಟ್ಟಿಗೆ, ಟಿವಿಗೆ ಸಿಕ್ಕಿಸಿದರೆ ಮುಗಿಯಿತು. ಬೆಲೆ ಐವತ್ತು ಸಾವಿರದ ಆಚೀಚೆ. ಆದರೆ ಒಂದೊಂದು ಗೇಮಿಗೂ ನಾಲ್ಕೈದು ಸಾವಿರ ಬೇರೆ ತೆರಬೇಕು. ಅದರ ಬದಲು ಟಿವಿ ಪಕ್ಕ ಇಡುವಂಥ ಗೇಮಿಂಗ್ ಕಂಪ್ಯೂಟರ್ ಜೋಡಿಸಿಕೊಂಡರೆ ಮೊದಲ ಖರ್ಚು ಹೆಚ್ಚು, ಗೇಮುಗಳು ಅಗ್ಗ. ನಾನು ಕೂತು ಲೆಕ್ಕ ಹಾಕಿದೆ. ಐದನೇ ವರ್ಷಕ್ಕೆ ಕಂಪ್ಯೂಟರೇ ಲಾಭ ಎಂದು ಗೊತ್ತಾಯಿತು. ಐದನೇ ವರ್ಷಕ್ಕೆ ಮಗಳು ಡಿಗ್ರಿ ಓದುತ್ತಿರುತ್ತಾಳೆ ಎಂಬುದು ಲೆಕ್ಕದಲ್ಲಿ ಎಲ್ಲೂ ಬರಲಿಲ್ಲ.

ಅಂಗಡಿಯವರ ಕಾಟ ಹೇಳಬಾರದು. ಒಬ್ಬ ಕಂಪ್ಯೂಟರಿನೊಳಗೆ ಕೂರಿಸುವ ಗ್ರಾಫಿಕ್ಸ್ ಕಾರ್ಡಿನ ಬೆಲೆ ಹೇಳಿ, "ಇದು ಇವತ್ತಿನ ರೇಟು ಸಾರ್, ನಾಳೆಗೆ ನಾನು ಜವಾಬ್ದಾರನಲ್ಲ" ಎಂದ. ಗುಂಡ್ಲುಪೇಟೆ ಕಡೆ ಚೆಂಡುಹೂವಿನ ರೇಟು ಬೆಳಿಗ್ಗೆ ಒಂದು ಸಂಜೆ ಒಂದು ಆಗುವುದನ್ನು ನೋಡಿದವನು ನಾನು. ಆದರೆ ಹೂವಾದರೂ ಬಾಡುತ್ತದೆ, ಇದಕ್ಕೇನು ಬಂದಿತ್ತು? ಇನ್ನೊಬ್ಬ, "ಪವರ್ ಸಪ್ಲೈನಲ್ಲಿ ಮಾತ್ರ ಉಳಿಸಕ್ಕೆ ಹೋಗ್ಬೇಡಿ ಸಾರ್" ಎಂದು ಹೆದರಿಸಿದ. ಮೂರನೆಯವನು ಬೆಲೆಯನ್ನೇ ಹೇಳದೆ, "ನಿಮ್ಮ ಬಜೆಟ್ ಎಷ್ಟು?" ಎಂದು ನನ್ನನ್ನೇ ಕೇಳಿದ. ನಮ್ಮ ಕಾರ್ಖಾನೆಯಲ್ಲಾದರೆ ಅಂಥವನ ಕೊಟೇಶನ್ನನ್ನು ತೆರೆದೂ ನೋಡುವುದಿಲ್ಲ.

ಇಷ್ಟಾದರೂ ಮನೆಯ ಒಪ್ಪಿಗೆ ಬಾಕಿ ಇತ್ತು. ನಮ್ಮ ಕಡೆ ಒಂದೇ ಕೆಲಸಕ್ಕೆ ಬರುವ ವಸ್ತುವನ್ನು ಯಾರೂ ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ. ಮಂಚವೆಂದರೆ ಅದರ ಕೆಳಗೆ ಕುಂಬಳಕಾಯಿ ಹಿಡಿಸಬೇಕು, ಬೈಕೆಂದರೆ ಅದರ ಮೇಲೆ ಹುಲ್ಲಿನ ಹೊರೆ ನಿಲ್ಲಬೇಕು. ಬರೀ ಆಡುವುದಕ್ಕೆ ಅಷ್ಟು ದುಡ್ಡೇ ಎಂದು ಅವ್ವ ವಿಭೂತಿ ಹಚ್ಚುತ್ತಿದ್ದ ಕೈಯನ್ನು ಹಣೆಯ ಮೇಲೇ ನಿಲ್ಲಿಸಿದಳು.

"ಬುಡ್ಲಾ, ಏನಾರ ಉಪಯೋಗಕ್ಕ ಬರದ ತಕಬಾ."

"ಕಂಪ್ಯೂಟರಾದ್ರ ಎಲ್ಲಾನೂ ಆಯ್ತದ ಕಣವ್ವ."

"ಪಾಣಿ ತಗೀಬೌದಾ?"

ಪಾಣಿ ಎಂದರೆ ಜಮೀನಿನ ಪಹಣಿ. "ತಗೀಬೌದು" ಎಂದೆ.

"ಕರೆಂಟ್ ಬಿಲ್ಲು?"

"ಅದ್ನೂ ಕಟ್ಬೌದು."

"ಅಂಗಂದ್ರ ಅದ್ನೇ ತಕಬಾ ಓಗು" ಎಂದು ಅವ್ವ ಮೂರು ಗೆರೆಯನ್ನು ಪೂರ್ತಿ ಮಾಡಿದಳು. ಗೆದ್ದೆ ಎಂದುಕೊಂಡೆ.

ಪಹಣಿ ಎಂದ ಮೇಲೆ ಪ್ರಿಂಟರ್ ಬಂತು. ಕರೆಂಟು ಹೋದರೆ ಎಂದು ಯುಪಿಎಸ್ ಬಂತು. ಬಂದ ಕಂಪ್ಯೂಟರ್ ಟಿವಿ ಕೆಳಗಿನ ಶೋಕೇಸಿನಲ್ಲಿ ಹಿಡಿಸಲಿಲ್ಲ, ಹಾಗಾಗಿ ಬಡಗಿ ಬಂದ. ಇವೆಲ್ಲ ಬೇರೆ ಬಾಬ್ತು, ಕಂಪ್ಯೂಟರಿನ ಬೆಲೆಗೆ ಸೇರಿಸುವಂತಿಲ್ಲ ಎಂದು ನಾನು ಮಂಗಳಾಳಿಗೆ ಬಿಡಿಸಿ ಹೇಳಿದೆ. ಅವಳು ಎಲ್ಲವನ್ನೂ ಬಾಯಲ್ಲೇ ಕೂಡಿ, "ರೀ, ಇಷ್ಟರಲ್ಲಿ ಅದೇನೋ ಕನ್ಸೋಲ್ ಅಂದ್ರಲ್ಲ, ಅಂಥವು ಎರಡು ಬರ್ತಿದ್ವು" ಎಂದಳು. ಅರ್ಧ ರಜೆ ಮುಗಿದಿತ್ತು. ನನಗೆ ಮೈಯೆಲ್ಲ ಉರಿಯಿತು. ಅವಳು ಹೇಳಿದ್ದು ಸರಿಯಾಗಿತ್ತು ಎಂಬುದೇ ಅದಕ್ಕೆ ಕಾರಣ.

ಕೊನೆಗೂ ಒಂದು ಭಾನುವಾರ ನಾನೂ ಸಿಂಚನಾಳೂ ಕಂಟ್ರೋಲರ್ ಎನ್ನುವ ಆಡುವ ಹಿಡಿಯನ್ನು ಒಂದೊಂದು ಹಿಡಿದು ಟಿವಿ ಮುಂದೆ ಕೂತೆವು. ಪರದೆಯ ಮೇಲೆ ಮೂರು, ಎರಡು ಎಂದು ಎಣಿಕೆ ಬರುತ್ತಿರುವಾಗ ಬಾಗಿಲಲ್ಲಿ ಕೆಮ್ಮು ಕೇಳಿಸಿತು. ಚಂದಕವಾಡಿಯ ನಮ್ಮ ದೊಡ್ಡಪ್ಪ, ಕಂಕುಳಲ್ಲಿ ಬಟ್ಟೆ ಚೀಲ.

"ಏನ್ಲಾ, ನಿಮ್ಮನೇಲೇ ಪಾಣಿ ತಗೀತರಂತಲ್ಲ? ನಿಮ್ಮವ್ವ ಯೋಳ್ತು."

ಹಿರಿಯರು ಬಸ್ಸು ಹತ್ತಿ ಬಂದಿದ್ದಾರೆ, ಆಟ ಮುಗಿಯಲಿ ಎನ್ನಲಾದೀತೇ? ರೇಸ್ ನಿಂತಿತು. ನನಗೆ ಪಹಣಿ ತೆಗೆಯಲು ಬಾರದು, ಸಿಂಚನಾಳೇ ತೆಗೆದಳು. ಮಂಗಳಾ ಕಾಫಿ ಮಾಡಿದಳು. ದೊಡ್ಡಪ್ಪ ಊರಿಗೆ ಹೋಗಿ ಸುಮ್ಮನಿರಲಿಲ್ಲ. ಮುಂದಿನ ವಾರ ಅವರ ಅಣ್ಣತಮ್ಮಂದಿರು ಬಂದರು, ಅವರ ಬೀಗರು ಬಂದರು, ಬೀಗರ ಮನೆಯ ಹುಡುಗಿಯ ಕಾಲೇಜು ಅರ್ಜಿ ಬಂತು. ಪಕ್ಕದ ಮನೆಯವರು ಆಧಾರಿನ ಪ್ರಿಂಟಿಗೆ ಬಂದವರು ಕಂಪ್ಯೂಟರಿನೊಳಗಿನ ಬಣ್ಣಬಣ್ಣದ ದೀಪ ನೋಡಿ ಕೈಮುಗಿದು ಕೂತರು. ಕಾಸು ಕೊಡಲು ಬಂದವರಿಗೆ ಅವ್ವ ಬೈದು ಕಳಿಸಿದಳು, ಹಾಗಾಗಿ ಜನ ಇನ್ನೂ ಹೆಚ್ಚಾದರು. ಒಂದು ದಿನ ಸಿಂಚನಾ ಕೀಬೋರ್ಡನ್ನು ದೂರ ತಳ್ಳಿ, "ಅಪ್ಪಾ, ನೀನು ತಂದಿರೋದು ಗೇಮಿಂಗ್ ಕಂಪ್ಯೂಟರಾ, ನಾಡಕಚೇರಿನಾ?" ಎಂದು ಕೇಳಿದಳು. ಕಣ್ಣಲ್ಲಿ ನೀರಿತ್ತು. ಮರುದಿನವೇ ತೆರಕಣಾಂಬಿಗೆ, ಅವಳ ಸೋದರಮಾವ ಮಹೇಶನ ಮನೆಗೆ ಹೊರಟುಹೋದಳು. ಅವನು ಕನ್ಸೋಲ್ ತಂದಿದ್ದ.

ಮಹೇಶನದು ಗೊಬ್ಬರದ ಅಂಗಡಿ. ರಜೆಯ ಕೊನೆಯ ಭಾನುವಾರ ಮಗಳನ್ನು ಕರೆತರಲು ಬಸ್ಸಿನಲ್ಲಿ ಹೋದೆ. ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ. ನನಗೆ ಬೇಕಾಗಿದ್ದದ್ದು ಅವಳ ಪಕ್ಕ ಕೂರುವುದು, ಅಷ್ಟೇ. ಅದಕ್ಕೆ ಯಾವ ಪೆಟ್ಟಿಗೆಯಾದರೂ ಆಗುತ್ತಿತ್ತು. ಹೋಗಿ ನೋಡಿದರೆ ಇಬ್ಬರೂ ಚಾಪೆಯ ಮೇಲೆ ಕೂತು ಕೂಗಾಡುತ್ತಾ ಆಡುತ್ತಿದ್ದರು.

"ಬನ್ನಿ ಬಾವ, ಕೂತ್ಕಳಿ" ಎಂದು ಮಹೇಶ ಎದ್ದು ತನ್ನ ಹಿಡಿಯನ್ನು ನನ್ನ ಕೈಗೆ ಕೊಟ್ಟ. ಸಿಂಚನಾ ಸ್ವಲ್ಪ ಸರಿದು ಜಾಗ ಮಾಡಿದಳು. "ಬಾ ಅಪ್ಪಾ. ನಾನು ನೀನು, ಇಬ್ರೇ."

ನಾನು ಚಾಪೆಯ ಮೇಲೆ ಕೂತೆ. ರೇಸ್ ಶುರುವಾಯಿತು. ನನ್ನ ಕಾರು ಓಲಾಡುತ್ತಾ ಹೊರಟಿತು, ಅವಳು ನನಗಾಗಿ ತನ್ನ ಕಾರಿನ ವೇಗ ಇಳಿಸಿದಳು. "ಬಲಕ್ಕೆ, ಬಲಕ್ಕೆ ಅಪ್ಪಾ!" ಎಂದು ಭುಜದಿಂದ ನನ್ನ ಭುಜ ತಳ್ಳಿದಳು. ಇಡೀ ರಜೆ ನಾನು ಕಾದದ್ದು ಇದಕ್ಕೇ. ಸುಮ್ಮನೆ ಕಾರು ಓಡಿಸಿಕೊಂಡಿದ್ದರೆ ಆಗಿತ್ತು. ಆದರೆ ಟಿವಿಯ ಪಕ್ಕದಲ್ಲಿದ್ದ ಆ ಪೆಟ್ಟಿಗೆ ಕಣ್ಣಿಗೆ ಬಿತ್ತು.

"ಮಹೇಶಾ, ಇದು ನಿಂಗೆ ಎಷ್ಟಕ್ಕೆ ಬಿತ್ತು?"

"ಯಾರ್ಗ್ ನ್ಯಾಪ್ಕ ಅದ ಬುಡಿ ಬಾವ. ಅಂಗ್ಡಿಗೋದೆ, ಕೊಡಿ ಅಂದೆ, ಕೊಟ್ರು, ತಕಬಂದೆ."

"ಬೇರೆ ಕಡೆ ವಿಚಾರಿಸ್ಲಿಲ್ವಾ?" ಎಂದು ನಾನು ಅವನ ಕಡೆಗೆ ಪೂರ್ತಿ ತಿರುಗಿಯೇ ಕೇಳಿದೆ. ಅಷ್ಟರಲ್ಲಿ ನನ್ನ ಕಾರು ಗೋಡೆಗೆ ಗುದ್ದಿ ಮಗುಚಿಕೊಂಡಿತ್ತು. ಸಿಂಚನಾ ತನ್ನ ಕಾರನ್ನು ಒಬ್ಬಳೇ ಗುರಿ ಮುಟ್ಟಿಸಿ, ನನ್ನ ಕೈಯಿಂದ ಹಿಡಿಯನ್ನು ಮೆಲ್ಲಗೆ ತೆಗೆದುಕೊಂಡು, "ಮಾವ, ನೀನ್ ಬಾ" ಎಂದಳು.

ನಾನು ಗೋಡೆಗೆ ಒರಗಿ ಮೊಬೈಲಿನಲ್ಲಿ ಆ ಕನ್ಸೋಲಿನ ಈಗಿನ ಬೆಲೆ ಹುಡುಕಿದೆ. ಎರಡು ಸಾವಿರ ಇಳಿದಿತ್ತು. ಆ ಸಂತೋಷವನ್ನು ಮಗಳಿಗೆ ಹೇಳೋಣವೆಂದು ತಲೆಯೆತ್ತಿದರೆ, ಅವರಿಬ್ಬರೂ ಆಗಲೇ ಎರಡನೇ ಸುತ್ತಿನಲ್ಲಿದ್ದರು.