ರಾಣಿಯ ಹಾಡಿಗೆ ಇಪ್ಪತ್ತು ಪಿಟೀಲು

ಸುಮ್ಮನಿರುವ ಕಲೆ ಕೆಲವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ನನಗೆ ಬರಲಿಲ್ಲ. ಅದಕ್ಕೆ ತದ್ವಿರುದ್ಧವಾದ ಕೆಲಸದಲ್ಲೇ ಮೂವತ್ತು ವರ್ಷ ಅನ್ನ ಉಂಡವನು ನಾನು. ಸಿನಿಮಾ ಹಾಡಿಗೆ ರಾಗ ಹಾಕುವವರು ಬೇರೆ ಇರುತ್ತಾರೆ. ಅವರು ಫೋನಿನಲ್ಲಿ ಗುನುಗಿ ಕಳಿಸಿದ ರಾಗದ ಹಿಂದೆ ಪಿಟೀಲು ಏನು ನುಡಿಸಬೇಕು, ಕೊಳಲು ಎಲ್ಲಿ ನುಸುಳಬೇಕು ಎಂದು ಬರೆದುಕೊಡುವುದು ನನ್ನ ಕೆಲಸ. ತುಮಕೂರಿನ ಬಟವಾಡಿಯ ನಮ್ಮ ಮನೆಯಲ್ಲಿ ಇದಕ್ಕೆ ನನ್ನ ಹೆಂಡತಿ ಗಿರಿಜೆ ಇಟ್ಟಿರುವ ಹೆಸರು ‘ಸಂದು ತುಂಬೋ ಕೆಲಸ’. ಹಾಡಿನಲ್ಲಿ ಎರಡು ಕ್ಷಣ ಖಾಲಿ ಕಂಡರೆ ನನ್ನ ಕೈ ಕಡಿಯುತ್ತದೆ. ಮಾತಿನಲ್ಲೂ ಅಷ್ಟೇ. ಗಿರಿಜೆ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಅವಳ ವಾಕ್ಯವನ್ನು ನಾನೇ ಮುಗಿಸಿರುತ್ತೇನೆ, ಸಾಮಾನ್ಯವಾಗಿ ತಪ್ಪಾಗಿ.

ಹೋದ ವರ್ಷ ಗುಬ್ಬಿಯ ಹವ್ಯಾಸಿ ತಂಡವೊಂದು ತಮ್ಮ ಸಂಗೀತ ನಾಟಕಕ್ಕೆ ನನ್ನನ್ನು ಕರೆಯಿತು. ಮೊದಲ ಬಾರಿಗೆ ರಾಗವೂ ನನ್ನದು, ಹೆಸರೂ ನನ್ನದು. ಹಿಗ್ಗಿಹೋದೆ. ಮಗನನ್ನು ಕಳೆದುಕೊಂಡ ರಾಣಿಯ ಹಾಡಿಗೆಂದು ಸ್ಟುಡಿಯೋ ಗೆಳೆಯರಿಂದ ಇಪ್ಪತ್ತು ಪಿಟೀಲು ರೆಕಾರ್ಡ್ ಮಾಡಿಸಿ, ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ತಾಲೀಮಿಗೆ ಒಯ್ದೆ. ರಾಣಿಯ ಪಾತ್ರ ಸರೋಜಮ್ಮನವರದು, ನಿವೃತ್ತ ಟೀಚರ್. ಎರಡು ಸಾಲು ಹಾಡಿ ನಿಲ್ಲಿಸಿದರು.

“ಸಾರ್, ನಾನು ಅಳೋಕ್ ಮುಂಚೆನೇ ಇವರೆಲ್ಲ ಅಳ್ತಾವ್ರಲ್ಲ” ಎಂದರು.

“ಅದು ಎಫೆಕ್ಟ್, ಮೇಡಂ. ನೀವು ಟ್ರ್ಯಾಕ್ ಜೊತೆ ಬನ್ನಿ, ಸಾಕು” ಎಂದೆ, ಕೊಂಚ ಗಡುಸಾಗಿ.

“ಹಂಗಾದ್ರೆ ಅವರೇ ಹಾಡ್ಲಿ ಬುಡಿ” ಎಂದವರು ಚೀಲ ಹೆಗಲಿಗೇರಿಸಿ ಹೊರಟೇಹೋದರು. ಪ್ರದರ್ಶನಕ್ಕೆ ನಾಲ್ಕೇ ದಿನ ಉಳಿದಿತ್ತು.

ಮರುದಿನ ಅವರ ಮನೆಗೆ ಹೋದೆ. ಕ್ಷಮೆ ಕೇಳುವುದನ್ನು ದಾರಿಯುದ್ದಕ್ಕೂ ಅಭ್ಯಾಸ ಮಾಡಿದ್ದೆ. ಅವರು ಅದಕ್ಕೆ ಅವಕಾಶ ಕೊಡದೆ ಕಾಫಿ ಕೊಟ್ಟರು. “ನಿಮಗೆ ಹೇಗೆ ಬೇಕೋ ಹಾಗೆ ಹಾಡಿ, ಕೇಳ್ತೀನಿ” ಎಂದೆ. ಅವರೆಕಾಯಿ ಬಿಡಿಸುತ್ತಲೇ ಹಾಡಿದರು. ಮಗನ ಹೆಸರು ಬರುವ ಸಾಲಿನಲ್ಲಿ ಸುಮ್ಮನಾದರು. ಮರೆತರೇನೋ ಎಂದು ಹೇಳಿಕೊಡಲು ನಾನು ಬಾಯಿ ತೆರೆದೆ. ಕೈಯೆತ್ತಿ ತಡೆದರು. ಆಮೇಲೆ, ತಮ್ಮದೇ ಹೊತ್ತಿಗೆ, ಹೆಸರು ಹೇಳಿದರು. ನನ್ನ ಕಣ್ಣು ತುಂಬಿತು. ಇಪ್ಪತ್ತು ಪಿಟೀಲಿನಿಂದ ಆಗದ್ದು ಅದು.

ಪ್ರದರ್ಶನದ ದಿನ ಹಾರ್ಮೋನಿಯಂ, ತಬಲಾ ಎರಡೇ ಇದ್ದವು. ಆ ಸಾಲು ಬಂದಾಗ, ಇವನೆಲ್ಲಿ ಎದ್ದು ಏನಾದರೂ ಮಾಡುತ್ತಾನೋ ಎಂದು ಗಿರಿಜೆ ನನ್ನ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಸಭಾಂಗಣದಲ್ಲಿ ಒಬ್ಬರೂ ಕೆಮ್ಮಲಿಲ್ಲ. ಹೆಸರು ಬಂದಾಗ ಹಿಂದಿನ ಸಾಲಿನ ಗಂಡಸೊಬ್ಬರು ಟವೆಲಿನಲ್ಲಿ ಮುಖ ಒರೆಸಿಕೊಂಡರು.

ಅಂದಿನಿಂದ ನಾನು ಮೌನದ ಪಕ್ಷಪಾತಿಯಾದೆ. ತುಮಕೂರಿನ ಎರಡು ಕಾಲೇಜುಗಳಲ್ಲಿ ಮೌನದ ಬಗ್ಗೆ ಒಂದೊಂದು ಗಂಟೆ ಮಾತನಾಡಿದೆ. ಇಷ್ಟರಲ್ಲಿ ಕುಣಿಗಲ್ಲಿನಲ್ಲಿ ಎರಡನೆಯ ಪ್ರದರ್ಶನ ನಿಗದಿಯಾಯಿತು. ಸರೋಜಮ್ಮನವರೇ ಫೋನ್ ಮಾಡಿದರು.

“ಸಾರ್, ಹಾಡು ಮುಗಿದ್ಮೇಲೆ ನಾನು ಒಳಗೋಗೋವರ್ಗೂ ಒಂದೇ ಒಂದು ಪಿಟೀಲು ಇದ್ರೆ ಚೆನ್ನಾಗಿರ್ತದೆ ಅನ್ಸುತ್ತೆ.”

ಸ್ವಲ್ಪ ಬಿಗುಮಾನ ಮಾಡಿ ಒಪ್ಪಿಕೊಂಡೆ. ಅರ್ಧ ಗಂಟೆಯಲ್ಲಿ ಬರೆದೂ ಮುಗಿಸಿದೆ. ಗಿರಿಜೆ ಬಂದು ಹಾಳೆಯ ಮೇಲೆ ಬಗ್ಗಿದಳು.

“ಒಂದು ಅಂದ್ರಲ್ವಾ ಅವರು?”

“ಒಂದೇ ಕಣೇ” ಎಂದೆ. “ಉಳಿದ ಮೂರು ಅದಕ್ಕೆ ಜೊತೆಗಿರಲಿ ಅಂತ.”