ಮೂರನೇ ಎಳೆತ

ಗುಮಾಸ್ತನ ಶನಿವಾರ ಹಾಳಾಗಿದ್ದು ಒಂದು ಗೇಣುದ್ದವೂ ಇಲ್ಲದ ಬೇಟೆಚಾಕುವಿನಿಂದ. ಚಾಕು ಅವನದಲ್ಲ, ಹೆಂಡತಿಯ ಅಪ್ಪನದು. ಮಾವ ಮಹಡಿಯ ಮೇಲೆ ಹಾಸಿಗೆ ಹಿಡಿದಿದ್ದರು. "ಇನ್ನು ಔಷಧ ಬೇಡ, ಕೇಳಿದ್ದು ತಿನ್ನಿಸಿ" ಎಂದು ಡಾಕ್ಟರು ಹೇಳಿಹೋಗಿ ತಿಂಗಳಾಗಿತ್ತು. ಆ ತಿಂಗಳಲ್ಲಿ ಅವರು ತಿಂದದ್ದು ಹೆಚ್ಚಾಗಿ ಮನೆಯವರ ತಲೆಯನ್ನೇ.

ಸಂಜೆ ನಾಲ್ಕಕ್ಕೆ ವಕೀಲರು ಬರುವವರಿದ್ದರು. ಮನೆ ಯಾವ ಅಳಿಯನಿಗೆ ಎಂದು ಮಾವ ಅವರ ಮುಂದೆಯೇ ಹೇಳಿ ಪತ್ರಕ್ಕೆ ಸಹಿ ಹಾಕುತ್ತಾರಂತೆ. ಹಿರಿಯ ಅಳಿಯ, ಅಂದರೆ ಗುಮಾಸ್ತನ ಷಡ್ಡಕ, ಮರದ ವ್ಯಾಪಾರಿ. ಆಗಲೇ ಎರಡು ಮನೆಯ ಧಣಿ. ಗುಮಾಸ್ತನಿಗೆ ಇದ್ದದ್ದು ಮಾವನ ಮನೆಯ ಕೆಳಗಿನ ಎರಡು ಕೋಣೆ, ಅದೂ ಮಾವನ ದಯೆಯಿಂದ. ಈ ಮನೆ ಕೈತಪ್ಪಿದರೆ ಹೆಂಡತಿ ಮಕ್ಕಳ ಸಮೇತ ಬೀದಿಯೇ ಗತಿ.

ಮಾವ ಪರೀಕ್ಷೆಯನ್ನೂ ಇಟ್ಟಿದ್ದರು. ಹೋದ ವಾರ ಚಾಕು ಹಿರಿಯನ ಕೈಗೆ, ಈ ವಾರ ಕಿರಿಯನ ಕೈಗೆ. "ಹರಿತ ಮಾಡ್ಕೊಂಡು ಬಾ. ಮುಂಗೈ ಕೂದಲ ಮೇಲೆ ಎಳೆದು ನೋಡ್ತೀನಿ. ಆಮೇಲೆ ಮನೆ ಮಾತು," ಎಂದಿದ್ದರು. ಗುಮಾಸ್ತ ಕಚೇರಿಯ ಕಡತಗಳಿಗೆ ಹೇಳುವ ಹಾಗೆ ಚಾಕುವಿಗೂ "ನಾಳೆ ನೋಡೋಣ" ಎನ್ನುತ್ತ ಶನಿವಾರಕ್ಕೆ ಬಂದು ನಿಂತ.

ಬೆಳಗ್ಗೆ ಮೆಟ್ಟಿಲ ಮೇಲೆ ಕೂತು ಮಸೆಯುವ ಕಲ್ಲಿನ ಮೇಲೆ ಅರ್ಧ ಗಂಟೆ ಮಸೆದ. ತನ್ನ ಎಡಗೈ ಮೇಲೆ ಎಳೆದು ನೋಡಿದ. ಮೊದಲ ಎಳೆತಕ್ಕೆ ಕೂದಲು ಬಂತು, ಎರಡನೆಯದಕ್ಕೂ ಬಂತು. ಮೂರನೆಯದಕ್ಕೆ ಚಾಕು ಸುಮ್ಮನೆ ಜಾರಿಹೋಯಿತು. ಮೊಂಡು! ಮತ್ತೆ ಮಸೆದ. ಮತ್ತೆ ಎರಡು ಎಳೆತ, ಮೂರನೆಯದಕ್ಕೆ ಮೊಂಡು.

"ರೀ, ಅಪ್ಪ ಮೂರು ಸಲ ಎಳೆದು ನೋಡಿದ್ರೆ?" ಎಂದಳು ಹೆಂಡತಿ.

"ಎರಡಕ್ಕೇ ನಿಲ್ಸಲಿ ಅಂತ ಬೇಡ್ಕೋ."

"ಅವರು ಯಾವತ್ತು ಎರಡಕ್ಕೆ ನಿಲ್ಸಿದ್ದಾರೆ? ಬೈಯೋದನ್ನೂ ಮೂರು ಸಲ ಬೈತಾರೆ."

ಎದುರಿನ ಕಟಿಂಗ್ ಅಂಗಡಿಯವನಿಗೆ ಇದನ್ನು ನೋಡಿ ತಡೆಯಲಾಗಲಿಲ್ಲ. ಅರ್ಧ ಗಡ್ಡಕ್ಕೆ ಸೋಪು ಬಳಿದಿದ್ದ ಗಿರಾಕಿಯನ್ನು ಬಿಟ್ಟು ಓಡಿ ಬಂದ. "ನೀವು ಮಸೀತಿರೋದು ಚಾಕುನೋ ಕಲ್ಲನ್ನೋ ಸ್ವಾಮಿ? ಕೊಡಿ ಇತ್ಲಾಗೆ," ಎಂದು ತನ್ನ ಚರ್ಮದ ಪಟ್ಟಿಗೆ ಇನ್ನೂರು ಸಲ ತೀಡಿದ. ಪರೀಕ್ಷೆ ಮಾತ್ರ ಗುಮಾಸ್ತನ ಬಲಗೈ ಮೇಲೆ. ಎರಡು ಎಳೆತ ಭೇಷಾಗಿ ಹೋಯಿತು. ಮೂರನೆಯದನ್ನು ಅವನು ಒತ್ತಿ ಎಳೆದ. ಕೂದಲು ಬರಲಿಲ್ಲ, ರಕ್ತ ಬಂತು.

"ಹಜಾಮತಿ ಮಾಡೋವ್ನಿಗೆ ಚಾಕು ಕೊಟ್ರೆ ಇನ್ನೇನಾಗತ್ತೆ?" ಎನ್ನುತ್ತ ಪಕ್ಕದ ಮಾಂಸದಂಗಡಿಯವನು ಕತ್ತಿ ಮಸೆಯುವ ತನ್ನ ಉಕ್ಕಿನ ಸರಳು ಹಿಡಿದು ಬಂದ. ಗುಮಾಸ್ತನ ಎರಡೂ ಕೈ ಸುಲಿದ ಮೊಟ್ಟೆಯಂತೆ ಆಗಿದ್ದರಿಂದ ಪ್ಯಾಂಟು ಮೇಲಕ್ಕೆ ಮಡಿಸಿದರು. ಕಟಿಂಗ್ ಅಂಗಡಿಯವನು ಎಡಗಾಲು, ಮಾಂಸದಂಗಡಿಯವನು ಬಲಗಾಲು ಹಂಚಿಕೊಂಡು ಜಗಳವಾಡುತ್ತಲೇ ಎಳೆದರು. ಮಧ್ಯಾಹ್ನದ ಹೊತ್ತಿಗೆ ಗುಮಾಸ್ತನ ಮೈಮೇಲೆ ಐದು ಕಡೆ ಪಟ್ಟಿ, ಮೊಣಕಾಲಿನಿಂದ ಕೆಳಗೆ ಒಂದು ಎಳೆ ಕೂದಲಿಲ್ಲ. ಚಾಕು ಮಾತ್ರ ಮೊದಲಿನ ಹಾಗೇ ಇತ್ತು. ಪಾಪ, ಅವನಿಗೆ ನಿಜಕ್ಕೂ ಅಳು ಬಂತು.

"ಅಳಬೇಡಿ ಸಾರ್," ಎಂದ ಮಾಂಸದಂಗಡಿಯವನು. "ರೈಲ್ವೆ ಗೇಟಿನ ಆಚೆ ಹೊಸದಾಗಿ ಒಬ್ಬ ಕಮ್ಮಾರ ಬಂದಿದ್ದಾನೆ. ಹುಚ್ಚ ಅಂತಾರೆ. ಆದ್ರೂ ಹೋಗಿ ನೋಡಿ."

ಕಮ್ಮಾರ ಚಾಕುವಿನ ಅಲಗನ್ನು ಕಲ್ಲಿಗೆ ಕುಟ್ಟಿ, ಕಿವಿಗಿಟ್ಟು ಸದ್ದು ಕೇಳಿದ. "ಉಕ್ಕು ಒಳ್ಳೇದು. ಹದ ಸತ್ತಿದೆ ಅಷ್ಟೇ. ಹದ ಇಲ್ಲದ್ದನ್ನ ಎಷ್ಟು ಮಸೆದರೇನು?" ಎಂದು ಹಿಡಿ ಬಿಚ್ಚಿ, ಅಲಗನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿದ. ಮತ್ತೆ ಸಣ್ಣ ಕಾವಿಗೆ ಹಿಡಿದು ಗೋಧಿ ಬಣ್ಣ ಬರುವ ತನಕ ರೆಪ್ಪೆ ಮಿಟುಕಿಸದೆ ಕಾದ. ಉಜ್ಜಿ, ಮಸೆದು, ಹಿಡಿ ಕೂರಿಸಿ ಕೊಟ್ಟಾಗ ಚಾಕು ಫಳಫಳ ಹೊಳೆಯುತ್ತಿತ್ತು. ಪರೀಕ್ಷೆಗೆ ಗುಮಾಸ್ತನಲ್ಲಿ ಕೂದಲು ಉಳಿದಿರಲಿಲ್ಲ. ಕಮ್ಮಾರ ತನ್ನ ಕೈ ಮೇಲೆ ಎಳೆದ. ಮೂರು, ನಾಲ್ಕು, ಎಂಟು. "ಇನ್ನು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಮೊಂಡಾಗಲ್ಲ, ಹೋಗಿ."

ಗುಮಾಸ್ತ ಓಡಿದ. ನಾಲ್ಕಕ್ಕೆ ಐದು ನಿಮಿಷವಿರುವಾಗ ಏದುಸಿರು ಬಿಡುತ್ತ ಮಹಡಿ ಹತ್ತಿದ. ವಕೀಲರು ಕಾಗದ ಹರಡಿಕೊಂಡು ಕೂತಿದ್ದರು. ಷಡ್ಡಕ ಕಿಟಕಿಯ ಹತ್ತಿರ ಹಲ್ಲಲ್ಲಿ ಕಡ್ಡಿ ಆಡಿಸುತ್ತಿದ್ದ.

ಮಾವ ಚಾಕು ತೆಗೆದುಕೊಂಡು ಮುಂಗೈ ಮೇಲೆ ಎಳೆದರು. ಒಂದು. ಎರಡು. ಮೂರು. ಮೂರನೆಯದಕ್ಕೂ ಬಿಳಿ ಕೂದಲು ಉದುರಿತು. ಗುಮಾಸ್ತನಿಗೆ ಸ್ವರ್ಗ ಮೂರೇ ಗೇಣು. ಮಾವ ಚಾಕು ಕೆಳಗಿಟ್ಟರು.

"ಎಲ್ಲಿ ಕೊಂಡೆ?"

"ಏನು ಮಾವ?"

"ಹಿಡಿ ನಂದೇ. ಅಲಗು ಯಾರದ್ದು? ನಲವತ್ತು ವರ್ಷದಲ್ಲಿ ನನ್ನ ಚಾಕು ಮೂರನೇ ಎಳೆತಕ್ಕೆ ಕೂದಲು ಕತ್ತರಿಸಿದ್ದಿಲ್ಲ. ಏಳು ಕಮ್ಮಾರರು ಕೈ ಚೆಲ್ಲಿದ ಚಾಕು ಇದು. ಹರಿತ ಮಾಡಿ ತರೋನು ಬದಲಾಯಿಸಿಯೇ ತರಬೇಕು. ಅದಕ್ಕೇ ಇದನ್ನ ಕೊಟ್ಟೆ. ಸಾಯೋ ಮುಂಚೆ ಯಾವ ಅಳಿಯ ಮೋಸಗಾರ ಅಂತ ಗೊತ್ತಾಗಬೇಕಿತ್ತು."

ಗುಮಾಸ್ತ ಹದ, ಎಣ್ಣೆ, ಗೋಧಿ ಬಣ್ಣ, ಎಲ್ಲ ಒಂದೇ ಉಸಿರಿಗೆ ಹೇಳಿದ. "ಬೇಕಾದ್ರೆ ಆ ಕಮ್ಮಾರನ್ನೇ ಕರ್ಕೊಂಡು ಬರ್ತೀನಿ ಮಾವ!"

"ಹಾಂ, ಕಲಿಸಿಕೊಟ್ಟು ಕರ್ಕೊಂಡು ಬಾ. ಬೇಡಪ್ಪ. ಇದು ನನ್ನದೇ ಆಗಿದ್ರೆ ಮೊಂಡಾಗಲೇಬೇಕು. ಆಗೋ ತನಕ ಎಳಿ, ನೋಡೋಣ."

ಎಳೆಯುವುದು ಎಲ್ಲಿ? ಷಡ್ಡಕ ಬಹಳ ಉದಾರಿಯಾಗಿ ತನ್ನ ಕರಡಿಯಂಥ ಕೈ ಚಾಚಿದ. ಗುಮಾಸ್ತ "ದೇವರೇ, ಮೊಂಡಾಗಲಿ, ಒಂದೇ ಒಂದು ಸಲ ಮೊಂಡಾಗಲಿ" ಎಂದು ಬೇಡಿಕೊಳ್ಳುತ್ತ ಎಳೆದ. ಹತ್ತು, ಇಪ್ಪತ್ತು. ಮಣಿಕಟ್ಟಿನಿಂದ ಭುಜದ ತನಕ ಬೋಳಾಯಿತು. ಷಡ್ಡಕ ಇನ್ನೊಂದು ಕೈ ಚಾಚಿದ, ಅದೂ ಬೋಳಾಯಿತು. ಒಂದು ಗೀರೂ ಇಲ್ಲ.

"ಸಾಕು," ಎಂದರು ಮಾವ. ಹಿರಿಯ ಅಳಿಯನ ಕಡೆ ತಿರುಗಿದರು. "ಕೊಟ್ಟಿದ್ದನ್ನ ಕೊಟ್ಟ ಹಾಗೇ ವಾಪಸ್ ತಂದೋನು ನೀನೊಬ್ಬನೇ." ಅದು ಸತ್ಯ. ಷಡ್ಡಕ ಆ ಚಾಕುವನ್ನು ಒರೆಯಿಂದ ಹೊರಗೆ ತೆಗೆದೇ ಇರಲಿಲ್ಲ. ಆದರೂ ತಲೆ ಬಗ್ಗಿಸಿ ಕಣ್ಣೊರೆಸಿಕೊಂಡ.

ಮಾವ ಸಹಿ ಹಾಕಿ ಗುಮಾಸ್ತನ ಕಡೆ ನೋಡಿದರು. "ಸೋಮವಾರದೊಳಗೆ ಕೆಳಗಿನ ಕೋಣೆ ಖಾಲಿ ಮಾಡು. ಈ ಚಾಕೂ ತಗೊಂಡು ಹೋಗು, ನಂದಲ್ಲ."

"ಅವಸರ ಏನಿಲ್ಲ ತಮ್ಮಾ," ಎಂದ ಷಡ್ಡಕ. "ಸೋಮವಾರ ಸಂಜೆ ಆದ್ರೂ ನಡೆಯತ್ತೆ."

ಕೆಳಗೆ ಹೆಂಡತಿ ಅಳುತ್ತಲೇ ಸಾಮಾನು ಕಟ್ಟಲು ಕೂತಳು. ಹಗ್ಗ ಕೊಯ್ಯಲು ಬೇರೇನೂ ಸಿಗದೆ ಅದೇ ಚಾಕು ತೆಗೆದುಕೊಂಡಳು. ಹಾಸಿಗೆ, ಪಾತ್ರೆ, ಮಕ್ಕಳ ಪುಸ್ತಕದ ಗಂಟು, ಎಲ್ಲದರ ಹಗ್ಗವೂ ಒಂದೊಂದೇ ಎಳೆತಕ್ಕೆ ತುಂಡಾಯಿತು.

"ರೀ," ಎಂದಳು ಮೂಗು ಒರೆಸಿಕೊಳ್ಳುತ್ತ, "ಚಾಕು ಮಾತ್ರ ತುಂಬಾ ಚೆನ್ನಾಗಿದೆ."