ಅಕ್ಕನ ಆರತಿ ಹಾಡು ಸಿಗಲಿಲ್ಲವೆಂದು ಹುಡುಕುಯಂತ್ರಕ್ಕೊಂದು ಅರಿಕೆ

ಸಕಲವನ್ನೂ ಬಲ್ಲ ಹುಡುಕುಯಂತ್ರ ಮಹಾಶಯರ ದಿವ್ಯ ಸನ್ನಿಧಿಗೆ, ಹನುಮಂತನಗರದ ಸೀತಾಲಕ್ಷ್ಮಿಯ ಅನಂತ ನಮಸ್ಕಾರಗಳು.

ಮಾನ್ಯರೇ,

ಮಗಳು ಪ್ರಕೃತಿಯ ಸೀಮಂತಕ್ಕೆ, ಎರಡು ವರ್ಷದ ಹಿಂದೆ ತೀರಿಕೊಂಡ ನಮ್ಮಕ್ಕ ವಿಶಾಲಾಕ್ಷಿ ಹಾಡಿದ್ದ ಆರತಿ ಹಾಡು ಬೇಕೆಂದು ತಮ್ಮನ್ನು ಕೇಳಿದ್ದೆ. ದೊಡ್ಡಮ್ಮನ ದನಿಯಲ್ಲೇ ಆರತಿಯಾಗಬೇಕೆಂದು ಮಗಳಿಗೆ ಹಟ, ನನಗೂ ಅದೇ ಆಸೆ. ತಾವು ಕಣ್ಣು ಮಿಟುಕಿಸುವುದರೊಳಗೆ ಲಕ್ಷಗಟ್ಟಲೆ ಉತ್ತರ ಸುರಿದಿರಿ. ಅದರಲ್ಲಿ ಯಾರ್ಯಾರದೋ ಅಕ್ಕಂದಿರಿದ್ದರು, ನಮ್ಮಕ್ಕ ಇರಲಿಲ್ಲ.

ತಪ್ಪು ತಮ್ಮದಲ್ಲ ಬಿಡಿ. ಆ ಹಾಡು ಇರುವುದು ನಮ್ಮ ಭಜನಾ ಮಂಡಳಿಯ ವೆಬ್‌ಸೈಟಿನಲ್ಲಿ. ಬನಶಂಕರಿಯ ಮಂಡಳಿಯವರು ಕದ್ದು ಕಲಿತು ನವರಾತ್ರಿಯಲ್ಲಿ ನಮಗಿಂತ ಮೊದಲೇ ಹಾಡಿಬಿಡುತ್ತಾರೆಂಬ ಭಯಕ್ಕೆ ನಾವೇ ಅದಕ್ಕೆ ಬೀಗ ಹಾಕಿಸಿದ್ದೆವು. ಬೀಗವಿದ್ದಲ್ಲಿ ತಾವು ಇಣುಕಿಯೂ ನೋಡುವುದಿಲ್ಲವಂತೆ. ಎಂಥ ಸಂಸ್ಕಾರ! ನಮ್ಮ ನೆಂಟರಲ್ಲಿ ಒಬ್ಬರಿಗೂ ಇಲ್ಲ.

ಬೀಗ ತೆಗೆಯುವ ಓಟಿಪಿ ಹೋಗುವುದು ಕಾರ್ಯದರ್ಶಿಯಾಗಿದ್ದ ಅಕ್ಕನ ನಂಬರಿಗೆ. ಅದೀಗ ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿರುವ, ಬಾಗಲಕೋಟೆ ಕಡೆಯ ಮೌನೇಶ ಎಂಬುವವರ ಪಾಲಾಗಿದೆ. ಫೋನು ಮಾಡಿ ಕೇಳಿಕೊಂಡರೆ, "ಅಕ್ಕಾರ, ಓಟಿಪಿ ಯಾರಿಗೂ ಹೇಳಬ್ಯಾಡಂತ ಬ್ಯಾಂಕಿನವ್ರು ದಿನಾ ಮೆಸೇಜ್ ಹಾಕ್ತಾರ್ರಿ, ತಪ್ಪ ತಿಳ್ಕೋಬ್ಯಾಡ್ರಿ" ಎಂದು ಇಟ್ಟುಬಿಟ್ಟರು. ಆಮೇಲೆ ಮನಸ್ಸು ತಡೆಯದೆ ವಿಳಾಸ ಕೇಳಿಕೊಂಡು, ಸೀಮಂತದ ಬೆಳಿಗ್ಗೆ ಅವರೇ ನಮ್ಮ ಮನೆಗೆ ಬಂದರು. ಗೋಡೆಯ ಮೇಲಿನ ಹಾರ ಹಾಕಿದ ಅಕ್ಕನ ಫೋಟೋವನ್ನು ಚೆನ್ನಾಗಿ ನೋಡಿ, ನಾನು ಹೇಳಿದ್ದು ನಿಜವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಓಟಿಪಿಯ ಅಂಕಿ ಹೇಳಿದರು. ಲೋಕವನ್ನೆಲ್ಲ ಜಾಲಾಡುವ ತಮ್ಮಿಂದ ಆಗದ್ದನ್ನು ಅವರು ಎರಡು ಬಸ್ಸು ಬದಲಾಯಿಸಿ ಮಾಡಿದರು.

ಹಾಡು ಬಂತು. ಮಗಳು ಅತ್ತಳು, ನಾನೂ ಅತ್ತೆ. ಎರಡನೇ ನುಡಿಯ ನಡುವೆ ಅಕ್ಕ ಹಾಡು ನಿಲ್ಲಿಸಿ, "ಸೀತೂ, ಕುಕ್ಕರ್ ಕೂಗ್ತಿದೆ, ಆಫ್ ಮಾಡೇ!" ಎಂದು ಗದರಿದಳು. ಆರತಿ ತಟ್ಟೆ ಮಗಳ ಕೈಗೇ ಕೊಟ್ಟು ನಾನು ಅಡುಗೆಮನೆಗೆ ಓಡಿಯೇಬಿಟ್ಟೆ.

ಆದಕಾರಣ, ಬರುವ ಶುಕ್ರವಾರ ತಾವು ಚಪ್ಪಲಿ ಹೊರಗೆ ಬಿಟ್ಟು ನಮ್ಮ ಮಂಡಳಿಗೆ ದಯಮಾಡಿಸಿ, ಚಾಪೆಯ ಮೇಲೆ ಕೂತು ಆ ಹಾಡನ್ನು ಬಾಯಿಪಾಠ ಮಾಡಬೇಕಾಗಿ ಪ್ರಾರ್ಥನೆ. ಬನಶಂಕರಿಯವರು ಕೇಳಿದರೆ ಮಾತ್ರ ಯಾರ್ಯಾರದೋ ಅಕ್ಕಂದಿರನ್ನು ತೋರಿಸಿ, ಅದು ತಮಗೆ ಅಭ್ಯಾಸವೇ.

ಇಷ್ಟಾದರೂ ತಮ್ಮನ್ನೇ ಕೇಳುತ್ತಿರುವ,
ತಮ್ಮ ವಿಶ್ವಾಸಿ,
ಸೀತಾಲಕ್ಷ್ಮಿ

ವಿ.ಸೂ.: ಅಂದು ಸಂಜೆಯಿಂದ ನನ್ನ ಫೋನಿನಲ್ಲಿ ತಾವು ಬರೀ ಕುಕ್ಕರಿನ ಜಾಹೀರಾತು ತೋರಿಸುತ್ತಿದ್ದೀರಿ. ಅಂದರೆ, ಅಕ್ಕನ ಹಾಡು ಸಿಗದ ತಮಗೆ ಅಕ್ಕ ಗದರಿದ್ದು ಮಾತ್ರ ಚೆನ್ನಾಗಿ ಕೇಳಿಸಿದೆ.